ಹೋಲಿಕೆಯ ತೊಟ್ಟಿ

ಕೋಣೆಯಲ್ಲಿ ಗಾಜಿನ ತೊಟ್ಟಿಗಳು ಎರಡು. ಒಂದೊಂದರಲ್ಲಿ ಕಪ್ಪೆಚಿಪ್ಪುಗಳು ಇಪ್ಪತ್ತು. ಎಡದ ತೊಟ್ಟಿಯದು ಸಮುದ್ರದ ನೀರು, ಸಾವಿರಕ್ಕೆ ಮೂವತ್ತೈದು ಪಾಲು ಉಪ್ಪು. ಬಲದ ತೊಟ್ಟಿಗೆ ಬೆಳಿಗ್ಗೆ ಒಂಬತ್ತಕ್ಕೆ ಸಿಹಿನೀರು ಸುರಿದು ಉಪ್ಪನ್ನು ಹದಿನೈದಕ್ಕೆ ಇಳಿಸಲಾಗಿತ್ತು. ಎರಡೇ ನಿಮಿಷದಲ್ಲಿ ಅಲ್ಲಿನ ಇಪ್ಪತ್ತೂ ಮುಚ್ಚಿಕೊಂಡವು. ಅದು ನಿರೀಕ್ಷಿತ. ಎಡದ ತೊಟ್ಟಿ ಹೋಲಿಕೆಗೆಂದು ಇಟ್ಟದ್ದು; ಅಲ್ಲಿನವು ತೆರೆದುಕೊಂಡು ನೀರು ಸೋಸುತ್ತಿರಬೇಕು. ಅವೂ ಮುಚ್ಚಿಕೊಂಡು ಕುಳಿತಿದ್ದವು.

ನಾಲ್ಕು ಗಂಟೆಗೆ ವಿಭಾಗದ ಮುಖ್ಯಸ್ಥೆ ಬರುವವರಿದ್ದರು. ಹೋಲಿಕೆ ಸರಿಬಾರದಿದ್ದರೆ ಪ್ರಯೋಗ ರದ್ದು; ಕೋಣೆ ನಾಳೆಯಿಂದ ಮೀನಿನ ಸಂಶೋಧಕರ ಪಾಲು.

ಸಹಾಯಕಿ ರಜೆಯಲ್ಲಿದ್ದುದರಿಂದ, ಚಿಪ್ಪು ಎಣಿಸಲು ಸಂಶೋಧಕಿ ತನ್ನ ಸೋದರಮಾವನನ್ನು ಕರೆತಂದಿದ್ದಳು. ಆತ ಗಡಿಯಾರ ರಿಪೇರಿಯವನು; ಹತ್ತು ನಿಮಿಷಕ್ಕೊಮ್ಮೆ ಎಂದರೆ ಹತ್ತೇ ನಿಮಿಷ. ನಡುವಿನ ಅವಧಿಯಲ್ಲಿ ಮಾತ್ರ ಕುಳಿತಲ್ಲಿ ಕೂರದೆ ಹೊರಗಿನ ಕಾರಿಡಾರಿನಲ್ಲಿ ಅತ್ತಿಂದಿತ್ತ ನಡೆಯುತ್ತಿದ್ದ.

“ಈಗೆಷ್ಟು ಮಾವ?”

“ಎಡಕ್ಕೆ ಹದಿನೆಂಟು ಮುಚ್ಚಿವೆ, ಬಲಕ್ಕೆ ಇಪ್ಪತ್ತು. ಎಲ್ಲಾ ಒಂದೇ ಗರಡೀಲಿ ಪಳಗಿದವು ಪುಟ್ಟಿ.”

“ನನಗೆ ಹೊಟ್ಟೆ ಉರೀತಿದೆ, ನಿನಗೆ ತಮಾಷೆ!”

“ಎಣಿಕೇಲಿ ತಪ್ಪಿಲ್ಲ. ಬೇಕಾದ್ರೆ ಬರ್ಕೊಡ್ತೀನಿ.”

ತಪ್ಪಿರಲಿಲ್ಲ. ಅವಳು ಎಡದ ತೊಟ್ಟಿಯ ಉಪ್ಪು ಅಳೆದಳು: ಮೂವತ್ತೈದು. ನೀರಿನ ಉಷ್ಣತೆ ಅಳೆದಳು: ನಿನ್ನೆ ಇದ್ದಷ್ಟೇ. ಹನ್ನೊಂದು ಐವತ್ತರ ಎಣಿಕೆ ಮುಗಿಸಿ ಮಾವ ಹೊರಗೆ ಹೋದಾಗ, ಬೇರೇನೂ ತೋಚದೆ ತೊಟ್ಟಿಯ ಮುಂದಿನ ಸ್ಟೂಲಿನಲ್ಲಿ ತಲೆಯ ಮೇಲೆ ಕೈಹೊತ್ತು ಕುಳಿತಳು. ಅಂದು ಮೊದಲ ಬಾರಿಗೆ ಮಾವ ಕಾರಿಡಾರ್ ಬಿಟ್ಟು ಅಂಗಳಕ್ಕೆ ಇಳಿದಿದ್ದ. ಆರು ನಿಮಿಷ ಕಳೆಯಿತು. ಎಡದಲ್ಲಿ ಒಂದು ಚಿಪ್ಪು ಕೂದಲೆಳೆಯಷ್ಟು ಬಿರಿಯಿತು. ಮತ್ತೆ ನಾಲ್ಕು. ಮತ್ತೆ ಹನ್ನೊಂದು. ಅಷ್ಟರಲ್ಲಿ ಕಾರಿಡಾರಿನ ಹಲಗೆ ನೆಲದ ಮೇಲೆ ಟಕ್, ಟಕ್, ಟಕ್. ಹದಿನಾರೂ ಒಮ್ಮೆಗೇ ಮುಚ್ಚಿದವು.

ಲಾಳ ಹೊಡೆಸಿದ ಬೂಟಿನಲ್ಲಿ ಮಾವ ಬಾಗಿಲಿಗೆ ಬಂದಿದ್ದ. “ಹನ್ನೆರಡಾಯ್ತು.”

“ಮಾವಾ! ಎಡಗಡೇವು ಉಪ್ಪಿಗಲ್ಲ, ನಿನಗೆ ಹೆದರಿ ಮುಚ್ಚಿಕೊಳ್ತಿವೆ!”

“ನಿಮ್ಮತ್ತೇನೇ ನನಗೆ ಹೆದರಲ್ಲ, ಇವು ಹೆದರ್ತವಾ?”

“ನೆಲ ಅದುರಿದ್ರೆ ತೊಟ್ಟಿ ಅದುರುತ್ತೆ. ಸುಮ್ನೆ ಬಿಟ್ರೆ ಆರೇ ನಿಮಿಷಕ್ಕೆ ತೆರ್ಕೊಳ್ತವೆ. ನೀನೆಲ್ಲಿ ಬಿಡ್ತೀಯ? ಬೂಟು ಬಿಚ್ಚು. ಈ ಸ್ಟೂಲ್ ಮೇಲೆ ಕೂತು ಎಣಿಸು. ನಾಲ್ಕರವರೆಗೆ ಏಳ್ಬೇಡ.”

“ನಾಲ್ಕು ಗಂಟೆ ಹೊತ್ತಾ? ಗೋಡೆ ಗಡಿಯಾರದ ಲೋಲಕಕ್ಕೂ ಅಲ್ಲಾಡೋ ಹಕ್ಕಿದೆ ತಾಯಿ.”

ಗೊಣಗಿದರೂ ಕುಳಿತ. ಮೂಗು ತುರಿಸಿತು; ಸಹಿಸಿದ. ಕಾಲು ಜೋಮು ಹಿಡಿಯಿತು, ಅದನ್ನೂ ಸಹಿಸಿದ. ಹತ್ತು ನಿಮಿಷಕ್ಕೊಮ್ಮೆ ಪೆನ್ಸಿಲು ಮಾತ್ರ ಚಲಿಸಿತು. ಹನ್ನೆರಡೂವರೆಯಿಂದ ಎಡದಲ್ಲಿ ತೆರೆದಿದ್ದವು ಹತ್ತೊಂಬತ್ತು, ಬಲದಲ್ಲಿ ಸೊನ್ನೆ. ಮೂರೂ ಇಪ್ಪತ್ತಕ್ಕೆ ಬಲದ ಒಂದು ಚಿಪ್ಪು ತುಸು ಬಿರಿದು, ನೀರಿನ ರುಚಿ ನೋಡಿ, ಬೇಡವೆಂದು ಮತ್ತೆ ಮುಚ್ಚಿತು.

ನಾಲ್ಕಕ್ಕೆ ಮುಖ್ಯಸ್ಥೆ ಬಂದು, ನಡೆದದ್ದನ್ನೆಲ್ಲ ಕೇಳಿ, ಹಾಳೆ ನೋಡಿದರು.

“ಬೆಳಗಿನ ಲೆಕ್ಕ ಎಲ್ಲಿ?”

“ಕಸದ ಬುಟ್ಟೀಲಿ, ಮೇಡಂ. ಕೆಟ್ಟ ಲೆಕ್ಕ ಅದು,” ಎಂದಳು ಸಂಶೋಧಕಿ.

“ಕೆಟ್ಟಿದ್ದಲ್ಲ, ತೆಗಿ. ಬೆಚ್ಚಿದ್ರೆ ಆರು ನಿಮಿಷ, ಉಪ್ಪು ಇಳಿದ್ರೆ ಆರು ಗಂಟೆಗೂ ಹೆಚ್ಚು ಹೊತ್ತು ಮುಚ್ಚಿರ್ತವೆ. ಎರಡೂ ಬೇರೆ ಬೇರೆ ಅಂತ ತೋರ್ಸೋಕೆ ಹತ್ತು ಸಲ ಆದ್ರೂ ಮಾಡ್ಬೇಕು. ಮಳೆಗಾಲ ಮುಗಿಯೋವರೆಗೆ ಕೋಣೆ ನಿನ್ನದೇ.”

“ಮೀನಿನವರು?”

“ಕಾಯ್ಲಿ.”

ಮಾವ ಏಳಲು ನೋಡಿದ, ಮೊಣಕಾಲು ಒಪ್ಪಲಿಲ್ಲ. ಸೋದರಸೊಸೆ ಒಂದು ರಟ್ಟೆ, ಮುಖ್ಯಸ್ಥೆ ಇನ್ನೊಂದು ರಟ್ಟೆ ಹಿಡಿದು ಅವನನ್ನು ಎತ್ತಿ ನಿಲ್ಲಿಸಿದರು.