ಹೊಟ್ಟೆಯ ನೀರು

“ಕತ್ತರಿ ಕೊಡಮ್ಮ, ಬೆನ್ನಲ್ಲಿ ಸೀಳಿಬಿಡ್ತೀನಿ. ಈ ಅಂಗಿ ಈಗ ಅಪ್ಪನಿಗೆಲ್ಲಿ ಹಿಡಿಸುತ್ತೆ?” ಎನ್ನುತ್ತಲೇ ಮಗಳು ನಡುಮನೆಯಲ್ಲಿ ಮಲಗಿಸಿದ್ದ ಅಪ್ಪನ ಬಿಗಿದ ತೋಳುಗಳನ್ನು ಅಂಗಿಗೆ ತೂರಿಸಿದಳು. ಆಸ್ಪತ್ರೆಯವರು ಹೊದಿಸಿದ್ದ ಬಟ್ಟೆಯನ್ನು ಸರಿಸಿ ಮೇಲಿನ ಗುಂಡಿ ಹಾಕಿದಳು. ಹೊಟ್ಟೆಯ ಮೇಲಿನದೂ ಸಲೀಸಾಗಿ ಕೂತಿತು. ಅವಳ ಕೈ ಅಲ್ಲೇ ನಿಂತಿತು.

“ಏನಾಯ್ತೇ?” ಅಂದಳು ಅಮ್ಮ.

“ಅಪ್ಪನ ಹೊಟ್ಟೆ ಇಳಿದಿದೆ. ನಿನ್ನೆ ತಮಟೆ ಥರ ಇತ್ತು.”

“ಹೋದ್ಮೇಲೆ ಇಳಿಯುತ್ತೇನೋ. ನಂಗೇನು ಗೊತ್ತು ಇದೆಲ್ಲ,” ಅಂದ ಅಮ್ಮ ಸೆರಗಿನಲ್ಲಿ ಮೂಗೊರೆಸಿಕೊಂಡಳು.

ಮಗಳಿಗೂ ಗೊತ್ತಿರಲಿಲ್ಲ. ಬೆಳಗ್ಗೆಯಿಂದ ಒಂದೇ ಮಾತು ಅವಳನ್ನು ಕೊರೆಯುತ್ತಿತ್ತು: ನನ್ನ ಹಾಳು ಬಾಯಿಂದಲೇ ಅಪ್ಪ ನರಳಿ ಸತ್ತರು.

*

ಅಪ್ಪ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವರು. ಹೊತ್ತಿಗೆ ಸರಿಯಾಗಿ ಬಸ್ಸು ಹೊರಡಿಸುವುದೇ ಅವರ ಬದುಕು. ಮನೆಯಲ್ಲೂ ಅಷ್ಟೇ, ಎಲ್ಲಿಗಾದರೂ ಹೊರಟರೆ ಎಲ್ಲರಿಗಿಂತ ಮೊದಲು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತು ಗೊಣಗುವವರು. ಅಂಥವರನ್ನು ಕಾಯಿಸಲೆಂದೇ ಆ ಆಸ್ಪತ್ರೆ ಕಟ್ಟಿದ್ದರೇನೋ! ಲಿವರ್ ಕೆಟ್ಟು ಹೊಟ್ಟೆಯಲ್ಲಿ ನೀರು ತುಂಬುತ್ತಿತ್ತು. ಮಲಗಿದಲ್ಲೇ ಸೂಜಿ ಹಾಕಿ ಅದನ್ನು ತೆಗೆದರೆ ಉಸಿರು ಹಗುರಾಗುತ್ತಿತ್ತು. ಆದರೆ ಡಾಕ್ಟರು ಬಂದಾಗ ಸೂಜಿ ಇರುತ್ತಿರಲಿಲ್ಲ. ಸೂಜಿ ತರೋಣವೆಂದರೆ ಬೀರುವಿನ ಕೀ ಇದ್ದವರು ಡ್ಯೂಟಿ ಮುಗಿಸಿ ಹೋಗಿರುತ್ತಿದ್ದರು. ಎಲ್ಲ ಕೂಡಿಸುವಷ್ಟರಲ್ಲಿ ಡಾಕ್ಟರು ಬೇರೆ ವಾರ್ಡಿನಲ್ಲಿ.

“ಡ್ರೈವರ್ ಬಂದ್ರೆ ಕಂಡಕ್ಟರ್ ಇಲ್ಲ, ಕಂಡಕ್ಟರ್ ಬಂದ್ರೆ ಡೀಸೆಲ್ ಇಲ್ಲ. ಚೆನ್ನಾಗಿದೆ ನಿಮ್ಮ ಡಿಪೋ,” ಎಂದು ಅಪ್ಪ ಏದುಸಿರಲ್ಲೇ ನಗುತ್ತಿದ್ದರು.

ಮಗಳಿಗೆ ನಗು ಬರುತ್ತಿರಲಿಲ್ಲ. ನಿನ್ನೆ ಮಧ್ಯಾಹ್ನ ಮತ್ತೆ ಅದೇ ಕತೆಯಾದಾಗ ಇಡೀ ವಾರ್ಡು ಕೇಳುವಂತೆ ಕೂಗಾಡಿದಳು. “ನಿಮ್ಮಪ್ಪ ಆಗಿದ್ರೆ ಹೀಗೆ ಕಾಯಿಸ್ತಿದ್ರಾ?” ಎಂದು ಹೆಡ್ ಸಿಸ್ಟರ್‌ಗೆ ಮುಖದ ಮೇಲೆ ಹೊಡೆದಂತೆ ಕೇಳಿದಳು. ಸಿಸ್ಟರ್ ಮುಖ ಕೆಂಪೇರಿತು. “ನೀವು ಮೊದಲು ಮನೆಗೆ ಹೋಗಿ,” ಅಂದರು. ಅವಳು ದುಸುದುಸು ಅನ್ನುತ್ತ ಹೋದಳು. ಬೆಳಗಿನ ಜಾವ ಫೋನ್ ಬಂತು.

*

ಡ್ಯೂಟಿ ಮುಗಿಸಿ ಹೆಡ್ ಸಿಸ್ಟರ್ ಮನೆಯೊಳಗೆ ಬಂದಾಗ ಯೂನಿಫಾರಂ ಇಲ್ಲದ ಅವರನ್ನು ಮಗಳು ತಕ್ಷಣ ಗುರುತಿಸಲಿಲ್ಲ. ಗುರುತಿಸಿದವಳೇ ತಡೆಯಲಾರದೆ ಕೇಳಿಬಿಟ್ಟಳು: “ನನ್ನ ಮೇಲಿನ ಸಿಟ್ಟಿಗೆ ಅಪ್ಪನ್ನ ಹಾಗೇ ಬಿಟ್ರಾ, ಸಿಸ್ಟರ್?”

“ಅಯ್ಯೋ, ಬಿಡ್ತು ಅನ್ನಿ!” ಸಿಸ್ಟರ್ ಅವಳ ಪಕ್ಕದಲ್ಲೇ ನೆಲಕ್ಕೆ ಕುಳಿತರು. “ಸಿಟ್ಟು ಬಂದಿತ್ತು, ಸುಳ್ಳು ಯಾಕೆ ಹೇಳ್ಲಿ. ಆ ಸಿಟ್ಟಲ್ಲೇ ಬೀರು ಬೀಗ ಒಡೆಸಿದೆ. ಸೂಜಿ, ಬಾಟ್ಲಿ, ಗ್ಲೌಸು, ಎಲ್ಲ ಒಂದೇ ಟ್ರೇನಲ್ಲಿ ಜೋಡಿಸಿ ಹಾಸಿಗೆ ಪಕ್ಕ ಇಟ್ಟೆ. ಆಮೇಲೆ ಹೋಗಿ ಡಾಕ್ಟರನ್ನ ಎಳ್ಕೊಂಡು ಬಂದೆ. ನೀವು ಮನೆ ಮುಟ್ಟೋಷ್ಟರಲ್ಲಿ ನೀರು ಇಳೀತಾ ಇತ್ತು.”

“ತುಂಬಾ ನೋವಾಯ್ತಾ ಅವರಿಗೆ?”

“ಎಲ್ಲಿಯ ನೋವು! ಸೂಜಿ ಹಾಕೋ ಮೊದಲು ಡಾಕ್ಟರಿಗೇ ‘ರೈಟ್, ಹೋಗ್ಲಿ’ ಅಂದ್ರು. ಆಮೇಲೆ ಅರ್ಧ ಲೋಟ ಹಾಲು ಕುಡಿದು ಕಾಲು ಚಾಚಿ ಮಲಗಿದ್ರು. ನಿದ್ದೇಲೇ ಹೋದ್ರು, ಗೊತ್ತೇ ಆಗ್ಲಿಲ್ಲ.”

“ಒಂದು ಫೋನ್ ಮಾಡಬಾರದಿತ್ತಾ?”

“ಮಾಡೋಕೆ ಹೋದೆ. ಅವರೇ ತಡೆದ್ರು. ‘ಮಗು ಕಣ್ಣು ಮುಚ್ಚಿ ಎಷ್ಟು ದಿನ ಆಯ್ತೋ, ಮಲ್ಕೊಂಡಿರ್ತಾಳೆ’ ಅಂದ್ರು.” ಸಿಸ್ಟರ್ ದನಿ ತಗ್ಗಿಸಿದರು. “ಎದುರು ಬೆಡ್ಡಿನ ಅಜ್ಜನಿಗೂ ನಿನ್ನೆ ಸಂಜೆಯೇ ಟ್ರೇ ರೆಡಿ ಮಾಡಿಟ್ಟಿದ್ದೆ. ಇವತ್ತು ರೌಂಡ್ಸಿಗೆ ಬಂದ ಡಾಕ್ಟರು ನಿಂತ ಕಾಲಲ್ಲೇ ಮುಗಿಸಿದ್ರು.”

“ಅಬ್ಬ!” ಅಂದಳು ಮಗಳು. ಗಳಗಳ ಅತ್ತಳು, ಅಳುತ್ತಲೇ ನಕ್ಕಳು. ಎದೆಯ ಮೇಲಿನ ಬಂಡೆ ಇಳಿದಂತಾಯಿತು. ಅಪ್ಪ ಹೋದದ್ದು ಹೋದದ್ದೇ, ಆದರೆ ಹಗುರಾಗಿ ಹೋದರಲ್ಲ. ಅವಳು ಗೋಡೆಗೆ ಒರಗಿದಳು.

ಸ್ವಲ್ಪ ಹೊತ್ತಿನಲ್ಲಿ ಚಿಕ್ಕಪ್ಪ ಅವಸರವಸರವಾಗಿ ಒಳಗೆ ಬಂದರು. “ವ್ಯಾನ್ ಬಂತು, ಏಳಿ ಏಳಿ.”

ಅಮ್ಮ ತುಟಿಯ ಮೇಲೆ ಬೆರಳಿಟ್ಟಳು. “ಸ್ವಲ್ಪ ನಿಲ್ಸಪ್ಪ.”

ಚಿಕ್ಕಪ್ಪ ಅತ್ತ ನೋಡಿ, ಸದ್ದಿಲ್ಲದೆ ಹೊರಗೆ ಹೋದರು. ಬೀದಿಯಲ್ಲಿ ಡ್ರೈವರ್ ಇಂಜಿನ್ ಆಫ್ ಮಾಡಿದ. ಒಳಗೆ ಮಗಳು ಸಿಸ್ಟರ್ ಹೆಗಲ ಮೇಲೆ ತಲೆಯಿಟ್ಟು, ಬಾಯಿ ತೆರೆದುಕೊಂಡು, ಗೊರಕೆ ಹೊಡೆಯುತ್ತಿದ್ದಳು.