ಕಡ ಕೊಟ್ಟ ಹರಳು

ಭದ್ರಾ ನಾಲೆಗೆ ನೀರು ಬಿಟ್ಟು ಕತ್ತಲಗೆರೆಯ ಗದ್ದೆಗಳಲ್ಲಿ ನಾಟಿ ಬಿರುಸಾಗಿತ್ತು. ಜಿಟಿಜಿಟಿ ಮಳೆಯಲ್ಲೇ ಹೆಣ್ಣಾಳುಗಳು ಗೋಣಿಕೊಪ್ಪೆ ಹಾಕಿಕೊಂಡು ಸಸಿ ಊರುತ್ತಿದ್ದರು. ಅವರ ಮಧ್ಯಾಹ್ನದ ಬುತ್ತಿಗೆಂದು ಹನುಮಂತಮ್ಮ ಒಲೆಯ ಮುಂದೆ ಕೂತು ರೊಟ್ಟಿ ತಟ್ಟುತ್ತಿದ್ದಳು. ಕೈ ರೊಟ್ಟಿಯ ಮೇಲಿದ್ದರೂ ಕಿವಿಯೆಲ್ಲ ಬೀದಿಯಲ್ಲಿ, ಟ್ರ್ಯಾಕ್ಟರಿನ ಸದ್ದಿಗೆ.

ಸೊಸೆ ಉಡಚಮ್ಮನನ್ನು ಹಿಂದಿನ ದಿನ ದೀಪ ಹಚ್ಚುವ ಹೊತ್ತಿಗೆ ಪಕ್ಕದ ಮನೆಯ ಮುರುಗೇಶಪ್ಪನ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಹುಲ್ಲು ಹಾಸಿ ಮಲಗಿಸಿ ಚನ್ನಗಿರಿಯ ಆಸ್ಪತ್ರೆಗೆ ಒಯ್ದಿದ್ದರು. ಮಗ ಪಾಲಣ್ಣ ಜೊತೆಗೆ ಹೋಗಿದ್ದ. ಮೊದಲ ಹೆರಿಗೆ ಜಗಳೂರಿನ ತವರಿನಲ್ಲಿ ಆಗಿ, ಹುಡುಗಿ ಬರಿಮಡಿಲಲ್ಲಿ ಬಂದಿದ್ದಳು. ತಾಯಿ ಉಳಿದದ್ದೇ ಹೆಚ್ಚು ಎಂದು ಸೂಲಗಿತ್ತಿ ಹೇಳಿ ಕಳಿಸಿದ್ದಳು. ಆ ಮಾತು ಈಗ ಹನುಮಂತಮ್ಮನ ಎದೆಯಲ್ಲಿ ಕಲ್ಲಿನಂತೆ ಕೂತಿತ್ತು.

ಪಡಸಾಲೆಯಲ್ಲಿ ಅಳಗುಳಿ ಮಣೆ ಬಿಟ್ಟಲ್ಲೇ ಇತ್ತು. ನಿನ್ನೆ ಉಡಚಮ್ಮ ಒಂದಾಟ ಸೋತಿದ್ದಳು. ಇನ್ನೊಂದಾಟಕ್ಕೆ ಗುಳಿಗೆ ಐದರಂತೆ ತುಂಬುವಾಗ ಕೊನೆಯ ಗುಳಿಗೆ ಹುಣಸೆ ಹರಳು ಕಡಿಮೆ ಬಿದ್ದು ಅತ್ತೆಯಿಂದ ಕಡ ಇಸಿದುಕೊಂಡಳು. ಆಟ ಶುರುವಾಗುವಷ್ಟರಲ್ಲಿ ಸೊಂಟ ಹಿಡಿದುಕೊಂಡು ಎದ್ದಳು. ಬೆಳಗ್ಗೆ ಕಸ ಗುಡಿಸುವಾಗ ಹನುಮಂತಮ್ಮ ಮಣೆಯನ್ನು ಅಲುಗಿಸದೆ ಸುತ್ತಲೂ ಗುಡಿಸಿದ್ದಳು. ಕಡ ತೆಗೆದುಕೊಂಡವಳು ತೀರಿಸಲು ಬರಲೇಬೇಕು. ಇದೊಂದನ್ನೇ ಹಿಡಿದುಕೊಂಡು ಅವಳು ರಾತ್ರಿ ಕಳೆದಿದ್ದಳು.

ಹೊತ್ತೇರಿದ ಮೇಲೆ ಬಾಗಿಲಲ್ಲಿ ಕೊಡೆ ಮಡಚಿದವಳು ಶಿವಗಂಗಮ್ಮ. ಶಿವಮೊಗ್ಗದ ಕಾಲೇಜೊಂದರಲ್ಲಿ ಪಾಠ ಹೇಳುವ ಹುಡುಗಿ. ಹಳ್ಳಿಯ ಜನ ಬಿಡುವಿನಲ್ಲಿ ಏನು ಆಡುತ್ತಿದ್ದರು, ಯಾಕೆ ಆಡುತ್ತಿದ್ದರು ಎಂದು ಊರೂರು ತಿರುಗಿ ಬರೆದುಕೊಳ್ಳುತ್ತಿದ್ದಳು. ಊರ ಹುಡುಗರು ರೇಡಿಯೋ ಮುಂದೆ ಕೂತು ಕ್ರಿಕೆಟ್ಟಿನ ಹುಚ್ಚಿಗೆ ಬಿದ್ದಿದ್ದರು. ಹಳೆಯ ಆಟಗಳೆಲ್ಲ ಮರೆತುಹೋಗುವ ಮುಂಚೆ ಬರೆದಿಡಬೇಕೆಂಬುದು ಅವಳ ಆತುರ.

ಹನುಮಂತಮ್ಮನಿಗೆ ಅವತ್ತು ಮಾತೇ ಬೇಡವಾಗಿತ್ತು. ಆದರೂ ಮಳೆಯಲ್ಲಿ ಬಂದವಳನ್ನು ಹೇಗೆ ಕಳಿಸುವುದು? ರೊಟ್ಟಿ ತಟ್ಟುತ್ತಲೇ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು; ಸೋತವರ ಕೊನೆಯ ಗುಳಿ ತುಂಬಲು ಗೆದ್ದವರು ಹರಳು ಕಡ ಕೊಡುವುದನ್ನೂ ಹೇಳಿದಳು. ಸೊಸೆಯ ಸಂಗತಿ ಮಾತ್ರ ಎತ್ತಲಿಲ್ಲ. ಬಾಯಿಬಿಟ್ಟು ಆಡಿದರೆ ಕೆಟ್ಟದ್ದು ನಡೆದೇಬಿಡುತ್ತದೇನೋ ಎಂಬ ಅಂಜಿಕೆ.

“ಗೆದ್ದೋರು ಯಾಕಜ್ಜಿ ಕಡ ಕೊಡಬೇಕು? ಸೋತೋರು ಎದ್ದು ಹೋದ್ರಾತು” ಎಂದಳು ಶಿವಗಂಗಮ್ಮ.

“ಎದ್ದು ಹೋದ್ರೆ ಗೆದ್ದೋಳು ಯಾರ ಸಂಗಡ ಆಡಬೇಕವ್ವ, ಗ್ವಾಡೆ ಸಂಗಡನಾ?”

ಶಿವಗಂಗಮ್ಮ ನಕ್ಕು ಬರೆದುಕೊಂಡಳು. ಆಮೇಲೆ ಮಣೆಯ ಮುಂದೆ ಕೂತು, ತೀರಿಸುವುದು ಹೀಗೇ ತಾನೇ ಎನ್ನುತ್ತ, ಕೊನೆಯ ಗುಳಿಯ ಐದೂ ಹರಳನ್ನು ಎತ್ತಿ ಹನುಮಂತಮ್ಮ ಗೆದ್ದಿಟ್ಟಿದ್ದ ಹರಳಿನ ರಾಶಿಗೆ ಸುರಿದಳು.

ಹೆಂಚಿನ ಮೇಲೆ ರೊಟ್ಟಿ ಬಿಟ್ಟು ಹನುಮಂತಮ್ಮ ಎದ್ದೇ ಬಂದಳು. ಹಿಟ್ಟಿನ ಕೈಯಲ್ಲೇ ರಾಶಿ ಕೆದಕಿ ಐದು ಹರಳು ಹೆಕ್ಕಿ ಗುಳಿಗೆ ಹಾಕಿದಳು. ಸಮಾಧಾನವಾಗಲಿಲ್ಲ; ತೆಗೆದು ಬೇರೆ ಹಾಕಿದಳು. ಎಲ್ಲ ಹುಣಸೆ ಹರಳೂ ಒಂದೇ ಕಪ್ಪು, ಒಂದೇ ಹೊಳಪು. ಉಡಚಮ್ಮ ಎಣಿಸಿ ತೆಗೆದುಕೊಂಡವು ಇವೋ, ಅವೋ?

“ಏನಾಯ್ತಜ್ಜಿ?”

“ಅದು ನನ್ನ ಸೊಸೇದು. ಹೆರಾಕೆ ಹೋಗ್ಯಾಳೆ. ಕಡ ಐತಲ್ಲ, ಬಂದೇ ಬರ್ತಾಳೆ ಅಂತ ಕುಂತಿದ್ದೆ. ನೀನು ತೀರಿಸಿಬಿಟ್ಟೆಲ್ಲವ್ವ.”

ಶಿವಗಂಗಮ್ಮ ಪೆನ್ನಿನ ಮುಚ್ಚಳ ಹಾಕಿದಳು. ಹೊಗೆಯೇಳುತ್ತಿದ್ದ ರೊಟ್ಟಿಯನ್ನು ತೆಗೆದಿಟ್ಟು, ಸೆರಗು ಸಿಕ್ಕಿಸಿಕೊಂಡು ಹಿಟ್ಟು ನಾದಲು ಕೂತಳು. ಅವಳು ಹೋಗಬೇಕಿದ್ದ ಬಸ್ಸು ಹಾರನ್ ಮಾಡುತ್ತ ಹೋಯಿತು, ತಲೆಯೆತ್ತಲಿಲ್ಲ. ಗದ್ದೆಗೆ ಬುತ್ತಿ ಹೋದ ಮೇಲೂ ಅವಳು ಅಲ್ಲೇ ಉಳಿದಳು.

ಹೊತ್ತಿಳಿಯುವಾಗ ಟ್ರ್ಯಾಕ್ಟರು ಬಂತು. ಮುರುಗೇಶಪ್ಪ ಟವಲಿನಿಂದ ಮುಖ ಒರೆಸಿಕೊಳ್ಳುತ್ತ ಒಳಬಂದು ಮೊದಲು ನೀರು ಕೇಳಿದ. ಶಿವಗಂಗಮ್ಮ ಕೊಟ್ಟ ಚೊಂಬನ್ನು ಎತ್ತಿ ಗಟಗಟ ಕುಡಿದ. ನೀರು ಕುಡಿಯದೆ ಹೇಳಲಾಗದಂಥ ಸುದ್ದಿ ಎಂಥದ್ದು ಎಂದು ಹನುಮಂತಮ್ಮ ಅವನ ಗಂಟಲನ್ನೇ ನೋಡುತ್ತಿದ್ದಳು.

“ಹೆಣ್ಣು ಕೂಸು, ಅಕ್ಕ. ಚೆನ್ನಾಗೈತೆ. ಉಡಚವ್ವಗೆ ರಕ್ತ ಭಾಳ ಹೋಗಿತ್ತು. ಡಾಕ್ಟ್ರು ಬೆಳಗಿನ ತನಕ ಏನೂ ಹೇಳಿರಲಿಲ್ಲ. ಈಗ ಕಣ್ಣು ಬಿಟ್ಟು ಮಾತಾಡ್ತಾಳೆ.”

“ಏನಂದ್ಲು?”

“ನಂಗೇನೂ ತಿಳೀಲಿಲ್ಲ. ‘ನಮ್ಮತ್ತೆಗೆ ಹೇಳು, ಕಡ ಇಸ್ಕೊಂಡಿದ್ದು ನಾಲ್ಕೇ, ಐದ್ರಾಗೆ ಒಂದು ನಂದು’ ಅಂದ್ಲು.”

ಹನುಮಂತಮ್ಮ ಸೆರಗನ್ನು ಬಾಯಿಗೊತ್ತಿಕೊಂಡಳು. ಆಮೇಲೆ ಮೂಗು ಒರೆಸಿಕೊಂಡಳು.

“ಸುಳ್ಳಿ. ಐದೂ ನನ್ನವೇ. ಬಂದು ನನ್ನೆದುರಿಗೆ ಹೇಳಲಿ.”

ಆ ಆಟ ನೋಡಲು ತಾನೂ ಬರಬಹುದೇ ಎಂದು ಶಿವಗಂಗಮ್ಮ ಮೆಲ್ಲಗೆ ಕೇಳಿದಳು. ಬಾಣಂತಿ ಎದ್ದು ಕೂರುವಂತಾದ ಮೇಲೆ ಬಾ, ನ್ಯಾಯ ಹೇಳಲು ಒಬ್ಬರು ಬೇಕಾಗುತ್ತದೆ ಎಂದಳು ಹನುಮಂತಮ್ಮ. ಗುಳಿಯ ಐದು ಹರಳನ್ನು ಹಾಗೆಯೇ ಬಿಟ್ಟು, ಕೋಳಿ ಕೆದಕದಂತೆ ಮಣೆಯ ಮೇಲೆ ಪುಟ್ಟಿ ಬೋರಲು ಹಾಕಿ, ಬಾಣಂತಿಯ ಕೋಣೆ ಸಾರಿಸಲು ಸಗಣಿ ತರಲೆಂದು ಹಿತ್ತಲಿಗೆ ನಡೆದಳು.