ತುಕ್ಕು ತಿಂದ ಅಕ್ಷರ

ನಮ್ಮಪ್ಪ ಒಂದೇ ಒಂದು ಅಕ್ಷರ ತಪ್ಪು ಓದಿದ್ದಕ್ಕೆ ನನ್ನ ಮದುವೆ ಮುರಿಯುವುದರಲ್ಲಿತ್ತು. ಅದೂ ಎಂಥ ಅಕ್ಷರ ಅಂತೀರಿ! ಅಲ್ಲಿ ಇಲ್ಲವೇ ಇಲ್ಲದ ಅಕ್ಷರ.

ನಾನು ಭಾಗ್ಯಜ್ಯೋತಿ. ಯರಗೇರಾದ ಕ್ಯಾಂಪಸ್ಸಿನಲ್ಲಿ ಇತಿಹಾಸದ ಅತಿಥಿ ಉಪನ್ಯಾಸಕಿ. ಅತಿಥಿ ಅನ್ನುವುದು ಹೆಸರಿಗೆ, ಒಂದು ಕಪ್ ಚಹಾ ಬೇಕೇ ಎಂದು ಕೇಳುವವರಿಲ್ಲ. ನಮ್ಮಪ್ಪ ಸಾಬಣ್ಣ ರಾಯಚೂರಿನ ಬಸ್ ಡಿಪೋದಲ್ಲಿ ಮೂವತ್ತನಾಲ್ಕು ವರ್ಷ ಮೆಕ್ಯಾನಿಕ್ ಆಗಿದ್ದವನು. ನಿವೃತ್ತಿಯಾದ ತಿಂಗಳೇ ದೇವದುರ್ಗಕ್ಕೆ ಹೋಗಿ, ಕೋಳಿಗಳು ಮೊಟ್ಟೆ ಇಡುತ್ತಿದ್ದ ಒಂದು ಹಳೇ ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಮನೆಗೆ ಎಳೆದುಕೊಂಡು ಬಂದ. ನಮ್ಮವ್ವ ಸೂಗಮ್ಮ ಬಾಗಿಲಲ್ಲೇ ನಿಂತು, "ಈ ವಯಸ್ಸಿನ್ಯಾಗ ನನಗ ಸವತಿ ತಂದೀಯಲ್ಲೋ" ಎಂದಳು. ಅಂದಿನಿಂದ ಆರು ವರ್ಷ ಅಪ್ಪ ಅದರ ಕೆಳಗೇ ಮಲಗಿದ.

ಕಾರು ಮಾತ್ರ ಅಪರೂಪದ್ದು, ಸುಳ್ಳು ಹೇಳಬಾರದು. ಎಂಜಿನ್ನು ಮತ್ತು ಚಾಸಿ, ಅಂದರೆ ಅಡಿಯ ಚೌಕಟ್ಟು, ಇಂಗ್ಲೆಂಡಿನ ಆಸ್ಟಿನ್ ಕಂಪನಿಯದು. ಅದರ ಮೇಲಿನ ಮೈಯನ್ನು ನಮ್ಮ ಕಡೆಯ ಯಾರೋ ಬಡಿಗರು ತೇಗದ ಮರದಲ್ಲಿ ಕಟ್ಟಿದ್ದರು. ಹಿಂದುಗಡೆ ಸೀಟೇ ಇಲ್ಲ. ಒಂದು ಬದಿಗೆ ಆರೂವರೆ ಅಡಿ ಉದ್ದದ ಹಲಗೆ, ಸುತ್ತ ಪರದೆ ತೂಗುಹಾಕಲು ಹಿತ್ತಾಳೆಯ ಬಳೆಗಳು. ತಗಡು ಹೊದಿಸಿದ ಹಿಂದಿನ ಬಾಗಿಲ ಮೇಲೆ ಮಾಸಿದ ಕನ್ನಡದಲ್ಲಿ "ಜನಾ" ಎಂದಿತ್ತು. ಆಮೇಲೆ ತುಕ್ಕು ತಿಂದ ತಗಡಿನಲ್ಲಿ ಒಂದು ತೂತು, ತೂತಿನ ಪಕ್ಕದಲ್ಲಿ ಒಂದು ದೀರ್ಘ, ಆಮೇಲೆ "ಗಾಡಿ".

"ಜನಾನಾ ಗಾಡಿ!" ಎಂದ ಅಪ್ಪ, ಕ್ಷಣವೂ ಯೋಚಿಸದೆ. ನಿಜಾಮರ ಕಾಲದಲ್ಲಿ ದೊಡ್ಡ ಮನೆಗಳ ಹೆಂಗಸರಿರುವ ಒಳಮನೆಗೆ ಜನಾನಾ ಎನ್ನುತ್ತಿದ್ದರು. ಅಂದರೆ ಇದು ಬೇಗಂರು ಪರದೆಯೊಳಗೆ ಕುಳಿತು ತಿರುಗಾಡಿದ ಕಾರು.

"ಕುಂದ್ರಾಕ ಇಷ್ಟುದ್ದ ಹಲಗಿ ಯಾಕಪ್ಪಾ?" ಎಂದು ನಾನು ಕೇಳಿದ್ದೆ.

"ಬೇಗಂರು ಅಂದ್ರ ನಿನ್ನಂಗ ಬಸ್ಸಿನ್ಯಾಗ ಜೋತು ಬೀಳ್ತಾರೇನು? ಮಕ್ಕೊಂಡು ಹೋಗ್ತಾರ!"

ವಿದ್ಯಾರ್ಥಿಗಳು ಒಂದು ಇಸವಿ ತಪ್ಪಿದರೂ "ಆಧಾರ ಎಲ್ಲಿ?" ಎಂದು ಕಿರುಚುವವಳು ನಾನು. ಅವತ್ತು ಬಾಯಿ ಮುಚ್ಚಿಕೊಂಡೆ. ಅಪ್ಪನ ಮುಖ ಅಷ್ಟು ಅರಳಿತ್ತು. ಅವನು ತಗಡು ತೇಪೆ ಹಾಕಿಸಿ, ಬೋರ್ಡು ಬರೆಯುವ ಹುಸೇನಪೀರನನ್ನು ಕರೆಸಿ, ಬಂಗಾರದ ಬಣ್ಣದಲ್ಲಿ "ಜನಾನಾ ಗಾಡಿ" ಎಂದು ಬರೆಸಿಯೇ ಬಿಟ್ಟ.

ಹಾಗಿರುವಾಗ ನನ್ನ ಮದುವೆ ಗೊತ್ತಾಯಿತು. ಹುಡುಗ ಹಾಲೇಶ ಕವಿತಾಳದವನು, ಮಾನ್ವಿಯ ತಾಲ್ಲೂಕು ಕಚೇರಿಯಲ್ಲಿ ಸರ್ವೇಯರ್. ಮದುವೆ ಮಾನ್ವಿಯಲ್ಲೇ. ಅಪ್ಪ ಒಂದೇ ಮಾತು ಕೇಳಿಕೊಂಡಿದ್ದ. "ಮತ್ತೇನೂ ಬ್ಯಾಡ. ಮಗಳನ್ನ ನನ್ನ ಗಾಡ್ಯಾಗ ನಾನ ಕರಕೊಂಡು ಬರ್ತೀನಿ." ಬೀಗರು ನಕ್ಕು ಒಪ್ಪಿದ್ದರು.

ಮದುವೆಗೆ ಹನ್ನೊಂದು ದಿನ ಇರುವಾಗ ಅಪ್ಪ ಲಗ್ನಪತ್ರಿಕೆ ಹಂಚಲು ಅದೇ ಕಾರಿನಲ್ಲಿ ದೇವದುರ್ಗಕ್ಕೆ ಹೋದ. ಅಲ್ಲಿ ಸ್ಟವ್ ರಿಪೇರಿ ಮಾಡುವ ಖಾಜಾಮಿಯಾ ಎಂಬ ಎಂಬತ್ತರ ಮುದುಕ ಚಹಾ ಕುಡಿಯುತ್ತ ಕುಳಿತಿದ್ದನಂತೆ. ಕನ್ನಡಕ ಏರಿಸಿ ಬಾಗಿಲ ಮೇಲಿನ ಬರಹ ಓದಿದವನೇ ನಗತೊಡಗಿದ. ಚಹಾ ಮೂಗಿಗೇರಿ ಕೆಮ್ಮು ಹತ್ತಿತಂತೆ.

"ಏನ್ ಬರಿಸೀರಿ ಸಾಬಣ್ಣ! ಜನಾನಾ ಅಲ್ರೀ, ಜನಾಜಾ! ಹೆಣ ಒಯ್ಯೋ ಗಾಡಿ ಇದು. ಸಣ್ಣವರಿದ್ದಾಗ ಇದು ಬಂತಂದ್ರ ಮನಿಯಾಗ ಓಡಿಹೋಗ್ತಿದ್ವಿ."

ಚಹಾದಂಗಡಿಯಲ್ಲಿ ಕವಿತಾಳದವರೊಬ್ಬರು ಇರಬೇಕೇ? ಅಪ್ಪ ರಾಯಚೂರು ಮುಟ್ಟುವ ಮೊದಲೇ ಸುದ್ದಿ ನನ್ನ ಅತ್ತೆಯಾಗುವವಳ ಕಿವಿ ಮುಟ್ಟಿತು. ಅತ್ತೆ ಅಯ್ಯಮ್ಮ ಸಾಮಾನ್ಯದ ಹೆಂಗಸಲ್ಲ. ಗಂಡ ಸತ್ತ ಮೇಲೆ ಸಂತೆಯಲ್ಲಿ ಗಂಡಸರ ನಡುವೆ ನಿಂತು ಕುರಿ ವ್ಯಾಪಾರ ಮಾಡಿ ಮಗನನ್ನು ಓದಿಸಿದವಳು. ಅವಳ ಫೋನ್ ಬಂತು.

"ಭಾಗ್ಯಾ, ನಿಮ್ಮಪ್ಪಗ ಹೇಳು. ಹೆಣದ ಗಾಡ್ಯಾಗ ಸೊಸಿ ಬಂದ್ರ ನಾ ಮದುವಿಗೆ ಕಾಲಿಡಂಗಿಲ್ಲ."

ಅಪ್ಪನಿಗೆ ಹೇಳಿದೆ. "ನನ್ನ ಗಾಡಿ ಬರದಿದ್ರ ನಾನೂ ಬರಂಗಿಲ್ಲ" ಎಂದ. ತಾಯಿ ಇಲ್ಲದೆ ಹಾಲೇಶ ತಾಳಿ ಕಟ್ಟುವುದಿಲ್ಲ, ಅಪ್ಪ ಇಲ್ಲದೆ ನಾನು ಕಟ್ಟಿಸಿಕೊಳ್ಳುವುದಿಲ್ಲ. ಇಬ್ಬರು ಹಟಮಾರಿಗಳ ನಡುವೆ ಸಿಕ್ಕಿ ನನ್ನ ತಲೆ ಕೆಟ್ಟು ಗೊಬ್ಬರವಾಯಿತು.

ಅಪ್ಪ ಎರಡು ದಿನ ರೊಟ್ಟಿ ಮುಟ್ಟಲಿಲ್ಲ. ಕಾರಿನ ಮೆಟ್ಟಿಲ ಮೇಲೆ ಸುಮ್ಮನೆ ಕೂತಿರುತ್ತಿದ್ದ. ಮೂರನೆಯ ದಿನ ನನ್ನನ್ನು ಕರೆದು, "ಯವ್ವಾ, ನೀ ಇತಿಹಾಸ ಓದೀದಿ. ಆ ಮುದುಕ ಹೇಳಿದ್ದು ಸುಳ್ಳಂತ ತೋರಿಸು" ಎಂದ. ಅಪ್ಪ ನನ್ನನ್ನು ಏನಾದರೂ ಬೇಡಿದ್ದು ಅದೇ ಮೊದಲು.

ಬೆಳಗಿನ ಬಸ್ಸಿಗೇ ದೇವದುರ್ಗಕ್ಕೆ ಹೋಗಿ ಖಾಜಾಮಿಯಾನ ಮುಂದೆ ನಿಂತೆ. ಸಿಟ್ಟು ನೆತ್ತಿಗೇರಿತ್ತು.

"ಆಧಾರ ಏನದರೀ ನಿಮ್ಮ ಮಾತಿಗೆ?"

"ನನ್ನ ಕಣ್ಣ ಆಧಾರ."

"ಕಣ್ಣು ನಡ್ಯಂಗಿಲ್ಲ. ಮತ್ತೇನದ?"

ಮುದುಕ ನನ್ನನ್ನು ಮೇಲೆ ಕೆಳಗೆ ನೋಡಿದ. "ಮದುವಿ ಹೆಣ್ಣು ನೀನೇ ಏನು? ನಿನ್ನ ಕಟ್ಟಿಕೊಳ್ಳಾವ ಧೈರ್ಯದಾವ ಬಿಡು" ಎಂದು ನಕ್ಕ. ಆಮೇಲೆ ತಗ್ಗಿದ ದನಿಯಲ್ಲಿ, "ಅದನ್ನ ಕಟ್ಟಿದಾವ ಬುರ್ಹಾನುದ್ದೀನ್ ಮಿಸ್ತ್ರಿ. ಅವನ ಮಗಳು ಹೀರಾಬಿ ಮಾನ್ವ್ಯಾಗ ಅದಾಳ. ಆಕಿನ್ನ ಕೇಳು" ಎಂದ.

ಭಾನುವಾರ ಅಪ್ಪ, ನಾನು ಕಾರಿನಲ್ಲೇ ಮಾನ್ವಿಗೆ ಹೊರಟೆವು. ಭತ್ತ ಹೇರಿದ ಟ್ರ್ಯಾಕ್ಟರುಗಳೂ ನಮ್ಮನ್ನು ಹಿಂದೆ ಹಾಕಿ ಹೋದವು. ಅಪ್ಪ ಮಾತ್ರ ಪ್ರತಿ ಟ್ರ್ಯಾಕ್ಟರಿಗೂ ಹಾರ್ನ್ ಹೊಡೆದು, ದಾರಿ ತಾನೇ ಬಿಟ್ಟುಕೊಟ್ಟವನ ಹಾಗೆ ಕೈ ಬೀಸಿದ.

ಹೀರಾಬಿಯ ಮನೆ ಒಂದು ಅಕ್ಕಿ ಗಿರಣಿಯ ಹಿಂದೆ. ಎಂಬತ್ತಾರು ವರ್ಷದ ಮುದುಕಿ ಗೋಡೆ ಹಿಡಿದು ಹೊರಗೆ ಬಂದು ಕಾರಿನ ಮರದ ಮೇಲೆ ಕೈಯಾಡಿಸಿದಳು. ಹಲಗೆ ಹಲಗೆ ಕೂಡುವಲ್ಲಿ ಬೆರಳು ನಿಲ್ಲಿಸಿದಳು.

"ಒಂದು ಕಬ್ಬಿಣದ ಮೊಳಿ ಅದೇನು ನೋಡು. ಇಲ್ಲ. ಇದು ನಮ್ಮ ಅಬ್ಬಾನ ಕೈ."

ಅಪ್ಪ ತಡೆಯಲಾರದೆ, "ಯವ್ವಾ, ಇದು ಜನಾನಾ ಗಾಡಿನೋ, ಜನಾಜಾ ಗಾಡಿನೋ?" ಎಂದ.

"ಎರಡೂ ಖರೆ ಬೇಟಾ" ಎಂದಳು ಮುದುಕಿ.

ಅವಳು ಹೇಳಿದ್ದು ಇಷ್ಟು. ದೇವದುರ್ಗದ ಕಡೆಯ ಒಬ್ಬ ಜಾಗೀರದಾರ ತನ್ನ ಬೇಗಂಗಾಗಿ ಚಾಸಿ ತರಿಸಿ, ಜನಾನಾ ಗಾಡಿ ಕಟ್ಟಲು ಅವಳ ತಂದೆಗೆ ಹೇಳಿದ. ಅರ್ಧ ಕಟ್ಟುವಷ್ಟರಲ್ಲಿ ಕಾಲರಾ ಬಂತು. ಬೇಗಂ ಸತ್ತಳು. ಹೆದರಿಕೆಗೆ ನೆಂಟರೂ ಹತ್ತಿರ ಬರಲಿಲ್ಲ. ಆಕೆಯನ್ನು ಹೊರಲು ಜಾಗೀರದಾರ, ಮಿಸ್ತ್ರಿ ಇಬ್ಬರೇ.

"ಮಣ್ಣು ಮಾಡಿ ಬಂದ ಮ್ಯಾಲೆ ಜಾಗೀರದಾರ ಅಂದ್ನಂತ, ಮಿಸ್ತ್ರಿ, ಸೀಟು ತಗಿ, ಉದ್ದ ಹಲಗಿ ಹಾಕು. ಹೆಗಲು ಕೊಡಾಕ ಯಾರೂ ಇಲ್ಲದವರಿಗೆ ಇದು ಹೆಗಲಾಗ್ಲಿ ಅಂತ. ಹಿಂದೂ ಅಂತಿಲ್ಲ, ಮುಸಲ್ಮಾನ ಅಂತಿಲ್ಲ, ಜಾತಿ ಯಾರೂ ಕೇಳಲಿಲ್ಲ. ಕನ್ನಡ ರಾಜ್ಯ ಆದ ಮ್ಯಾಲೆ ಉರ್ದು ಅಳಿಸಿ ಕನ್ನಡದಾಗ ಜನಾಜಾ ಗಾಡಿ ಅಂತ ಬರಿಸಿದಾವ ನಮ್ಮ ಅಬ್ಬಾನ."

ಅಯ್ಯಮ್ಮನಿಗೆ ಹೇಳಲು ಅಲ್ಲಿಂದಲೇ ಕವಿತಾಳದ ದಾರಿ ಹಿಡಿದೆವು. ಈ ಸಲ ಅಪ್ಪ ಟ್ರ್ಯಾಕ್ಟರುಗಳಿಗೆ ಹಾರ್ನ್ ಹೊಡೆಯಲಿಲ್ಲ.

"ಯವ್ವಾ" ಎಂದ ಕೊನೆಗೆ. "ಮೊದಲಿನ ಅರ್ಧ ಅಷ್ಟ ಹೇಳೂನು. ಬೇಗಂ ಸಲುವಾಗಿ ತರಿಸಿದ್ದಂತ. ಅದು ಸುಳ್ಳಲ್ಲಲ್ಲ?"

ಅರ್ಧ ಆಧಾರ ಪೂರ್ತಿ ಸುಳ್ಳಿಗಿಂತ ಕೆಟ್ಟದ್ದು ಎಂದು ಎಷ್ಟು ಹುಡುಗರನ್ನು ಬೈದಿದ್ದೇನೋ. ಆದರೆ ಅಪ್ಪನ ಕೈಗಳನ್ನು ನೋಡಿದೆ. ಗ್ರೀಸಿನ ಕಪ್ಪು ಉಗುರಿನಿಂದ ಇನ್ನೂ ಹೋಗಿರಲಿಲ್ಲ. "ಹೂಂ ಯಪ್ಪಾ" ಎಂದುಬಿಟ್ಟೆ.

ಅಯ್ಯಮ್ಮ ಅಂಗಳದಲ್ಲಿ ಮಂಚದ ಮೇಲೆ ಕೂತಿದ್ದಳು. ಎದ್ದು ಬಂದು ಕಾರನ್ನು ಒಂದು ಸುತ್ತು ಹಾಕಿದಳು, ಸಂತೆಯಲ್ಲಿ ಕುರಿ ನೋಡುವ ಹಾಗೆ. "ಹೇಳು" ಎಂದಳು. ನಾನು ಅರ್ಧ ಕತೆ ಹೇಳಿದೆ. ಬೇಗಂ, ಜಾಗೀರದಾರ, ತೇಗದ ಮರ, ಎಲ್ಲ ಚಂದವಾಗಿ ಹೇಳಿದೆ.

"ಅಲ್ಲ ಭಾಗ್ಯಾ, ಬೇಗಂ ಇದ್ರಾಗ ಕುಂತಳೇನು?"

ಅಪ್ಪ ಬೇರೆಲ್ಲೋ ನೋಡತೊಡಗಿದ. ಥೂ, ನನ್ನ ಓದಿಗೆ ಬೆಂಕಿ ಹಾಕ ಅಂದುಕೊಂಡೆ.

"ಇಲ್ಲರೀ ಅತ್ತೀ. ಕುಂದ್ರಲಿಲ್ಲ. ಸತ್ತಳು. ಆಮ್ಯಾಲೆ ಇದು ಹೆಣದ ಗಾಡಿನ ಆತು. ಹೊರಾಕ ಯಾರೂ ಇಲ್ಲದವರನ್ನ ಹೊತ್ತದ." ಮಿಕ್ಕ ಅರ್ಧವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಅಪ್ಪ ಮೆಲ್ಲಗೆ ಕಾರಿನ ಮೆಟ್ಟಿಲ ಮೇಲೆ ಕುಸಿದು ಕುಳಿತ. ಮುಗಿಯಿತು, ಮದುವೆ ಹೋಯಿತು, ಅಪ್ಪನೂ ಹೋದ ಎಂದು ನನಗೆ ಅಳು ಬಂತು.

ಅಯ್ಯಮ್ಮ ಹಿಂದಿನ ಬಾಗಿಲು ತೆಗೆದು ಆ ಹಲಗೆಯನ್ನು ನೋಡಿದಳು.

"ಹಾಲೇಶನ ಅಪ್ಪ ರಾಯಚೂರಾಗ ಸತ್ತಾಗ, ಹೆಣ ಅಂದ್ರ ಯಾ ಗಾಡಿಯಾವನೂ ಬರಲಿಲ್ಲ" ಎಂದಳು. "ಆಟೋದಾವಗ, ನನ್ನ ಗಂಡಗ ಜ್ವರ ಬಂದಾವ, ನಿದ್ದಿ ಹತ್ಯಾದ ಅಂತ ಸುಳ್ಳು ಹೇಳಿದೆ. ಪಕ್ಕಕ್ಕ ಕುಂದ್ರಿಸಿಕೊಂಡು, ತಲಿ ನನ್ನ ಹೆಗಲ ಮ್ಯಾಲಿಟ್ಕೊಂಡು ಬಂದೆ. ಅಳಂಗಿಲ್ಲ ಮತ್ತ. ಅತ್ರ ಅವ ನಡುದಾರ್ಯಾಗ ಇಳಿಸಿಬಿಡ್ತಾನ. ಮಾನ್ವ್ಯಾಗ ನಿಲ್ಲಿಸಿ ಚಾ ಕುಡೀತಿ ಏನವ್ವ ಅಂದ. ಕುಡದೆ. ಗಂಡನ್ನ ಹೆಗಲ ಮ್ಯಾಲೆ ಇಟ್ಕೊಂಡು ಚಾ ಕುಡದೆ. ಮನಿಗೆ ಬಂದ ಮ್ಯಾಲೆ ಮಂದಿ ಎಲ್ಲ ಅತ್ರು. ನನಗ ಅಳಾಕ ಬರಲೇ ಇಲ್ಲ."

ಅವಳು ಸೀರೆಯ ನಿರಿಗೆ ಎತ್ತಿ ಹಿಡಿದು ಕಾರಿನ ಹಿಂದೆ ಹತ್ತಿ ಆ ಹಲಗೆಯ ತುದಿಗೆ ಕುಳಿತಳು.

"ಬೀಗರ, ಗಾಡಿ ಚಾಲೂ ಮಾಡ್ರಿ. ಅವನ್ನ ಮಣ್ಣು ಮಾಡಿದಲ್ಲಿ ಮಟ ಹೋಗಿ ಬರೂನು."

ಅಪ್ಪ ಗಡಬಡಿಸಿ ಎದ್ದ. "ಪರದಿ ಹಾಕಲೇನ್ರೀ?"

"ಬ್ಯಾಡ. ನೋಡ್ಲಿ ಮಂದಿ."

ನಾನೂ ಹತ್ತಿ ಅವಳ ಪಕ್ಕದಲ್ಲಿ ಕುಳಿತೆ. ಕಾರು ಎರಡು ಸಲ ಕೆಮ್ಮಿ ಹೊರಟಿತು. ಕವಿತಾಳದ ಅಂಗಡಿಗಳ ಮುಂದೆ ಹೋಗುವಾಗ ಅಯ್ಯಮ್ಮ ಅಳಲು ಶುರುಮಾಡಿದಳು. ಸಣ್ಣ ಅಳುವಲ್ಲ. ಹಾಡಿಕೊಂಡು, ಎದೆ ಬಡಿದುಕೊಂಡು, ಗಂಡನ ಹೆಸರು ಹಿಡಿದು ಬೈದು ಅತ್ತಳು. ತೂಕದ ಕಲ್ಲು ಕೈಯಲ್ಲೇ ಹಿಡಿದು ಅಂಗಡಿಯವರು ನಿಂತರು. ಬಸ್ಸಿಗೆ ಕಾದವರು ಬಸ್ಸು ಬಿಟ್ಟು ನಮ್ಮನ್ನು ನೋಡಿದರು. ನಾನು ಅವಳ ಕೈ ಹಿಡಿದುಕೊಂಡಿದ್ದೆ, ಅವಳು ಹಿಂಡಿದ್ದಕ್ಕೆ ನನ್ನ ಬಳೆ ಎರಡು ಒಡೆದವು. ಅಪ್ಪ ತಿರುಗಿ ನೋಡದೆ, ಎಲ್ಲೂ ನಿಲ್ಲಿಸದೆ, ಒಂದು ತಗ್ಗಿಗೂ ಚಕ್ರ ಇಳಿಸದೆ ನಡೆಸಿದ.

ಮರಳಿ ಬರುವಾಗ ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ದನಿ ಪೂರ್ತಿ ಬಿದ್ದುಹೋಗಿತ್ತು. ಮುಂದೆ ಬಾಗಿ ಅಪ್ಪನ ಬೆನ್ನು ತಟ್ಟಿ ಕೇಳಿದಳು.

"ಮದುವಿ ದಿನ ರಾಯಚೂರು ಎಷ್ಟಕ್ಕ ಬಿಡ್ತೀರಿ?"

"ನಸುಕಿನ್ಯಾಗ ನಾಕಕ್ಕ ಬಿಡ್ತೀನ್ರೀ" ಎಂದ ಅಪ್ಪ. ಮೂಗೊರೆಸಿಕೊಂಡು ಮತ್ತೆ ಹೇಳಿದ. "ಇದರ ಓಟಕ್ಕ ನಾಕಕ್ಕ ಬಿಟ್ರೂ ತಡಾನ ಆಗ್ತದ."

"ಆಗ್ಲಿ" ಎಂದಳು ಅಯ್ಯಮ್ಮ. "ನೀವು ಬರೂತನಕ ತಾಳಿ ಕಟ್ಟಾಕ ಬಿಡಂಗಿಲ್ಲ."